ಕುಡುಕ ಪತ್ತೇದಾರ ಮತ್ತು ಮಾತಾಡದ ಊರು: ಕೆನ್ ಬ್ರೂಯನ್ ಅವರ ಜ್ಯಾಕ್ ಟೇಲರ್ ಕಾದಂಬರಿಗಳು

ನನ್ನ ವಯಸ್ಸಿನ ಕನ್ನಡಿಗರಲ್ಲಿ ಅನೇಕರು ಓದುವ ಚಟ ಹತ್ತಿಸಿಕೊಂಡದ್ದು ಪಠ್ಯಪುಸ್ತಕದಿಂದಲ್ಲ, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ಅವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಬಾಡಿಗೆ ಲೈಬ್ರರಿಯಿಂದ ದಿನಕ್ಕಿಷ್ಟು ಪೈಸೆ ಕೊಟ್ಟು ತಂದು, ದೊಡ್ಡವರ ಕಣ್ಣು ತಪ್ಪಿಸಿ, ರಾತ್ರಿಯೊಳಗೆ ಓದಿ ಮುಗಿಸಿ ಬೆಳಿಗ್ಗೆ ವಾಪಸು ಕೊಡುತ್ತಿದ್ದೆವು. ಪತ್ತೇದಾರ ಪುರುಷೋತ್ತಮನ ಹೆಸರಿನಲ್ಲೇ ಎಲ್ಲವೂ ಇತ್ತು. ಅವನು ಉತ್ತಮ ಪುರುಷ. ಧೈರ್ಯವಂತ, ಬುದ್ಧಿವಂತ, ದುಶ್ಚಟಗಳಿಲ್ಲದವ. ಕೊನೆಯ ಪುಟದಲ್ಲಿ ಕಳ್ಳ ಸಿಕ್ಕಿಬೀಳುತ್ತಿದ್ದ, ನಾವು ನೆಮ್ಮದಿಯಿಂದ ಮಲಗುತ್ತಿದ್ದೆವು.

ಆ ಪುರುಷೋತ್ತಮನಿಗೆ ತೀರಾ ವಿರುದ್ಧನಾದ ಒಬ್ಬ ಪತ್ತೇದಾರ ನನಗೆ ಸಿಕ್ಕಿದ್ದು ನಿವೃತ್ತಿಯ ನಂತರ, ಈ ನೈಮೆಗನ್ ಊರಿನಲ್ಲಿ. ನವೆಂಬರ್ ತಿಂಗಳ ಒಂದು ಮಳೆಯ ಮಧ್ಯಾಹ್ನ ಪುಸ್ತಕದಂಗಡಿಯ ಇಂಗ್ಲಿಷ್ ವಿಭಾಗದಲ್ಲಿ ಹೊತ್ತು ಕಳೆಯುತ್ತಿದ್ದಾಗ ಸಣ್ಣದೊಂದು ಪುಸ್ತಕ ಕೈಗೆ ಬಂತು. ಅದು ‘ದಿ ಗಾರ್ಡ್ಸ್’, ಬರೆದವರು ಕೆನ್ ಬ್ರೂಯನ್. ಬೆನ್ನುಪುಟದಲ್ಲಿ ‘ಗಾಲ್ವೇ’ ಎಂಬ ಊರಿನ ಹೆಸರು ಕಂಡು ತೆಗೆದುಕೊಂಡೆ. ಆ ಹೆಸರು ನನಗೇಕೆ ತಟ್ಟಿತು ಎಂಬುದನ್ನು ಮುಂದೆ ಹೇಳುತ್ತೇನೆ. ಈ ಕಾದಂಬರಿಗಳ ನಾಯಕನಾದ ಜ್ಯಾಕ್ ಟೇಲರ್ ಯಾರು, ಅವನ ಕುಡಿತ ಕಥೆಯಲ್ಲಿ ಯಾವ ಕೆಲಸ ಮಾಡುತ್ತದೆ, ಒಬ್ಬ ವೈದ್ಯನಾಗಿ ನಾನು ಅವನನ್ನು ಹೇಗೆ ಓದಿಕೊಂಡೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಲೇಖಕ ಮತ್ತು ನಾಯಕ

ಕೆನ್ ಬ್ರೂಯನ್ 1951ರಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇಯಲ್ಲಿ ಹುಟ್ಟಿದರು. ತತ್ತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಆಫ್ರಿಕಾ, ಜಪಾನ್, ದಕ್ಷಿಣ ಅಮೆರಿಕ ಮುಂತಾದ ಕಡೆ ವರ್ಷಗಟ್ಟಲೆ ಇಂಗ್ಲಿಷ್ ಮೇಷ್ಟ್ರಾಗಿದ್ದರು. 1970ರ ದಶಕದ ಕೊನೆಯಲ್ಲಿ ಬ್ರೆಜಿಲ್‌ನ ಜೈಲಿನಲ್ಲಿ ನಾಲ್ಕು ತಿಂಗಳು ಕಳೆಯಬೇಕಾಯಿತು. ಅಲ್ಲಿ ಅನುಭವಿಸಿದ ಕ್ರೌರ್ಯದ ನೆರಳು ಅವರ ಬರವಣಿಗೆಯ ಮೇಲೆ ಕೊನೆಯವರೆಗೂ ಇತ್ತು. 2001ರಲ್ಲಿ ಬಂದ ‘ದಿ ಗಾರ್ಡ್ಸ್’ ಜ್ಯಾಕ್ ಟೇಲರ್ ಸರಣಿಯ ಮೊದಲ ಕಾದಂಬರಿ. ಅದಕ್ಕೆ ಅಮೆರಿಕದ ಖಾಸಗಿ ಪತ್ತೇದಾರಿ ಕಾದಂಬರಿಗಳ ಪ್ರಶಸ್ತಿಯಾದ ಷೇಮಸ್ 2004ರಲ್ಲಿ ಬಂತು. ಸರಣಿಯಲ್ಲಿ ಹದಿನೈದಕ್ಕೂ ಹೆಚ್ಚು ಕಾದಂಬರಿಗಳಿವೆ. ಬ್ರೂಯನ್ 2025ರ ಮಾರ್ಚ್‌ನಲ್ಲಿ ತೀರಿಕೊಂಡರು. ಇಯಾನ್ ಗ್ಲೆನ್ ನಟಿಸಿದ ಟಿವಿ ರೂಪವನ್ನು ನಮ್ಮಲ್ಲಿ ಕೆಲವರು ನೋಡಿರಬಹುದು.

ಜ್ಯಾಕ್ ಟೇಲರ್ ಮೊದಲು ಪೊಲೀಸಿನವನು. ಐರ್ಲೆಂಡಿನ ಪೊಲೀಸ್ ಪಡೆಯ ಹೆಸರಿಗೆ ಅಲ್ಲಿನ ಭಾಷೆಯಲ್ಲಿ ‘ಶಾಂತಿಯ ಕಾವಲುಗಾರರು’ ಎಂದು ಅರ್ಥ. ಜನ ಅವರನ್ನು ‘ಗಾರ್ಡ್ಸ್’ ಎನ್ನುತ್ತಾರೆ. ವೇಗವಾಗಿ ಕಾರು ಓಡಿಸಿ ಸಿಕ್ಕಿಬಿದ್ದ ಒಬ್ಬ ದೊಡ್ಡ ಮನುಷ್ಯನ ಮುಖಕ್ಕೆ ಗುದ್ದಿ ಟೇಲರ್ ಕೆಲಸ ಕಳೆದುಕೊಂಡ. ಕೆಲಸ ಹೋದರೂ ಇಲಾಖೆಯ ಮಳೆಕೋಟನ್ನು ಮಾತ್ರ ವಾಪಸು ಕೊಡಲಿಲ್ಲ. ಕೋಟು ಹಿಂತಿರುಗಿಸಿ ಎಂದು ಇಲಾಖೆ ಪತ್ರ ಬರೆಯುತ್ತಲೇ ಇರುತ್ತದೆ, ಇವನು ಅದನ್ನು ಹಾಕಿಕೊಂಡೇ ತಿರುಗುತ್ತಾನೆ. ಕಳೆದುಕೊಂಡ ಗೌರವದಲ್ಲಿ ಅವನ ಹತ್ತಿರ ಉಳಿದಿರುವುದು ಅದೊಂದೇ. ಅವನ ತಂದೆ ರೈಲ್ವೆಯಲ್ಲಿ ದುಡಿದ ಸಾತ್ವಿಕ, ತಾಯಿ ಮಗನಿಗೆ ಎಂದೂ ಮನಸ್ಸು ತೆರೆಯದ ಕಠಿಣ ಭಕ್ತೆ. ಟೇಲರನಿಗೆ ಎರಡು ಆಸರೆಗಳು: ಪುಸ್ತಕ ಮತ್ತು ಬಾಟಲಿ.

ಪತ್ತೇದಾರನೇ ಇಲ್ಲದ ದೇಶ

ಮೊದಲ ಕಾದಂಬರಿಯ ಆರಂಭದಲ್ಲೇ ಟೇಲರ್ ಒಂದು ವಿಚಿತ್ರ ಸಂಗತಿ ಹೇಳುತ್ತಾನೆ. ಐರ್ಲೆಂಡಿನಲ್ಲಿ ಖಾಸಗಿ ಪತ್ತೇದಾರರೇ ಇಲ್ಲ, ಏಕೆಂದರೆ ಅಲ್ಲಿನವರಿಗೆ ಪತ್ತೇದಾರ ಎಂದರೆ ಗುಟ್ಟು ಬಿಟ್ಟುಕೊಡುವ ಮಾಹಿತಿದಾರನ ಹಾಗೆ ಕೇಳಿಸುತ್ತದೆ. ಇದರ ಹಿಂದೆ ಇತಿಹಾಸವಿದೆ. ಬ್ರಿಟಿಷರ ಆಳ್ವಿಕೆಯಲ್ಲಿ ನಡೆದ ಒಂದೊಂದು ಬಂಡಾಯವೂ ಒಳಗಿನವರೇ ಸುದ್ದಿ ಕೊಟ್ಟು ಮುರಿದುಬಿತ್ತು ಎಂಬ ನೆನಪು ಐರಿಷ್ ಜನರಲ್ಲಿ ಆಳವಾಗಿದೆ. ಹಾಗಾಗಿ ಅಲ್ಲಿ ಬಾಯಿ ಬಿಡದಿರುವುದು ಒಂದು ಸದ್ಗುಣ. ಪರಕೀಯರ ವಿರುದ್ಧ ಕಲಿತ ಆ ಸದ್ಗುಣ, ಸ್ವಾತಂತ್ರ್ಯ ಬಂದ ಮೇಲೆ ಮನೆಯೊಳಗಿನ, ಮಠದೊಳಗಿನ ಅನ್ಯಾಯಗಳನ್ನು ಮುಚ್ಚುವುದಕ್ಕೂ ಬಳಕೆಗೆ ಬಂತು. ಬ್ರೂಯನ್ ಅವರ ಕಾದಂಬರಿಗಳೆಲ್ಲ ಈ ಜಾಗದಲ್ಲೇ ನಿಂತಿವೆ.

ಟೇಲರನಿಗೆ ಕಚೇರಿಯಿಲ್ಲ. ಪಬ್ಬಿನ ಮೂಲೆಯಲ್ಲಿ ಕೂತಿರುತ್ತಾನೆ, ಕಷ್ಟದಲ್ಲಿರುವವರು ಅಲ್ಲಿಗೇ ಬರುತ್ತಾರೆ. ‘ದಿ ಗಾರ್ಡ್ಸ್’ನಲ್ಲಿ ಒಬ್ಬ ತಾಯಿ ಬರುತ್ತಾಳೆ. ಅವಳ ಹದಿಹರೆಯದ ಮಗಳು ನೀರಿಗೆ ಬಿದ್ದು ಸತ್ತಿದ್ದಾಳೆ. ಎಲ್ಲರೂ ಆತ್ಮಹತ್ಯೆ ಎನ್ನುತ್ತಾರೆ, ತಾಯಿ ಒಪ್ಪುವುದಿಲ್ಲ. ಮುಂದೇನಾಯಿತು ಎಂದು ಇಲ್ಲಿ ಹೇಳುವುದಿಲ್ಲ. ಆದರೆ ನರಸಿಂಹಯ್ಯನವರ ಓದುಗರು ಒಂದು ವಿಷಯಕ್ಕೆ ಸಿದ್ಧರಾಗಿರಬೇಕು: ಟೇಲರ್ ದೊಡ್ಡ ಬುದ್ಧಿವಂತನಲ್ಲ. ಎಷ್ಟೋ ಸಲ ತಪ್ಪು ಮನುಷ್ಯನನ್ನು ಅನುಮಾನಿಸುತ್ತಾನೆ, ತಡವಾಗಿ ತಲುಪುತ್ತಾನೆ, ಸತ್ಯ ತಿಳಿದ ಮೇಲೂ ನ್ಯಾಯ ಕೊಡಿಸಲಾರ. ಅವನಿಂದ ಆಗುವುದು ಒಂದೇ, ಯಾರೂ ಕೇಳಬಾರದೆಂದು ಊರು ತೀರ್ಮಾನಿಸಿದ ಪ್ರಶ್ನೆಯನ್ನು ಕೇಳುವುದು.

ಬರವಣಿಗೆಯ ರೀತಿಯೂ ಬೇರೆ. ವಾಕ್ಯಗಳು ಚಿಕ್ಕವು. ಕೆಲವು ಕಡೆ ಒಂದೊಂದು ಪದವನ್ನೂ ಒಂದರ ಕೆಳಗೊಂದು ಪಟ್ಟಿಯಂತೆ ಇಳಿಸುತ್ತಾರೆ. ನಡುನಡುವೆ ಟೇಲರ್ ಓದಿದ ಪುಸ್ತಕಗಳ ಮಾತು ಬರುತ್ತದೆ. ಗಾಲ್ವೇಯ ಐರ್ ಚೌಕ, ಕ್ಲಾಡಾ ದಂಡೆಯ ಹಂಸಗಳು, ಹಳೆಯ ಪುಸ್ತಕದಂಗಡಿ ಎಲ್ಲವೂ ನಿಜವಾದ ಜಾಗಗಳೇ.

ಎರಡು ಬಗೆಯ ಗ್ಲಾಸು

ಇಲ್ಲಿ ವಾಸವಾಗಿರುವ ನಮಗೆ ಡಚ್ ಪತ್ತೇದಾರ ಡೆ ಕಾಕ್ ಗೊತ್ತು. ಸ್ವತಃ ಆಂಸ್ಟರ್‌ಡ್ಯಾಮ್ ಪೊಲೀಸಿನವರಾಗಿದ್ದ ಆಪಿ ಬಾಂಟ್ಯರ್ ಸೃಷ್ಟಿಸಿದ ಈ ಇನ್‌ಸ್ಪೆಕ್ಟರ್, ಕೇಸು ಕಗ್ಗಂಟಾದಾಗ ಪರಿಚಯದ ಬಾರಿನಲ್ಲಿ ಕೂತು ಕೊನ್ಯಾಕ್ ಹೀರುತ್ತಾನೆ. ಆ ಗ್ಲಾಸು ನಮ್ಮ ಕಡೆಯ ಕಾಫಿ ಲೋಟದ ಹಾಗೆ, ಬೆಚ್ಚಗಿನ ಸ್ನೇಹದ ಗುರುತು. ಪತ್ತೇದಾರಿ ಸಾಹಿತ್ಯದಲ್ಲಿ ಕುಡಿತ ಸಾಮಾನ್ಯವಾಗಿ ಹೀಗೆ ಅಲಂಕಾರವಾಗಿ ಬರುತ್ತದೆ. ನಾಯಕ ಎಷ್ಟು ಕುಡಿದರೂ ಮರುದಿನ ಬೆಳಿಗ್ಗೆ ಅವನ ಬುದ್ಧಿ ಚುರುಕಾಗಿಯೇ ಇರುತ್ತದೆ.

ಟೇಲರನದು ಹಾಗಲ್ಲ. ಅವನ ಕುಡಿತ ಕಾಯಿಲೆ, ಬ್ರೂಯನ್ ಅದನ್ನು ಕಾಯಿಲೆಯಾಗಿಯೇ ಬರೆಯುತ್ತಾರೆ. ಕೈ ನಡುಕ, ಬೆಳಗಿನ ವಾಂತಿ, ನೆನಪಿನಿಂದ ಪೂರ್ತಿ ಅಳಿಸಿಹೋದ ರಾತ್ರಿಗಳು, ಆಸ್ಪತ್ರೆವಾಸ, ಪ್ರತಿಜ್ಞೆ, ಮತ್ತೆ ಮೊದಲ ಗ್ಲಾಸು. ಎರಡನೇ ಕಾದಂಬರಿಯಲ್ಲಿ ಅವನು ಲಂಡನ್ನಿನಿಂದ ಹಿಂತಿರುಗುವಾಗ ಕೊಕೇನ್ ಚಟವನ್ನೂ ಹೊತ್ತು ತರುತ್ತಾನೆ. ಮುಂದೆ ಕಾಲು ಕುಂಟಾಗುತ್ತದೆ, ಕಿವಿಗೆ ಶ್ರವಣಯಂತ್ರ ಬರುತ್ತದೆ. ಸಾಮಾನ್ಯವಾಗಿ ಸರಣಿ ಕಾದಂಬರಿಗಳಲ್ಲಿ ನಾಯಕನಿಗೆ ಆದ ಗಾಯ ಮುಂದಿನ ಪುಸ್ತಕದ ಹೊತ್ತಿಗೆ ಮಾಯವಾಗಿರುತ್ತದೆ. ಇಲ್ಲಿ ದೇಹ ಎಲ್ಲವನ್ನೂ ಲೆಕ್ಕ ಇಟ್ಟುಕೊಳ್ಳುತ್ತದೆ.

ವೈದ್ಯಕೀಯವಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಿದುಳಿನಲ್ಲಿ ನರಗಳನ್ನು ಶಾಂತಗೊಳಿಸುವ ರಾಸಾಯನಿಕವೊಂದಿದೆ, ಗಾಬಾ. ಕೆರಳಿಸುವ ಇನ್ನೊಂದಿದೆ, ಗ್ಲುಟಮೇಟ್. ಮದ್ಯ ಮೊದಲನೆಯದಕ್ಕೆ ಬಲ ಕೊಡುತ್ತದೆ, ಎರಡನೆಯದನ್ನು ಅದುಮುತ್ತದೆ. ವರ್ಷಗಟ್ಟಲೆ ದಿನವೂ ಕುಡಿದರೆ ಮಿದುಳು ಇದಕ್ಕೆ ಹೊಂದಿಕೊಂಡು, ಕೆರಳಿಸುವ ವ್ಯವಸ್ಥೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ಅಂಥ ಮನುಷ್ಯ ಥಟ್ಟನೆ ಕುಡಿತ ನಿಲ್ಲಿಸಿದರೆ ಅದುಮಿಟ್ಟದ್ದೆಲ್ಲ ಒಮ್ಮೆಗೇ ಏಳುತ್ತದೆ. ಕೆಲವೇ ಗಂಟೆಗಳಲ್ಲಿ ನಡುಕ, ಬೆವರು. ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂಥ ಸೆಳವು ಬರಬಹುದು. ಎರಡನೇ, ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಇಲ್ಲದ ಹುಳುಗಳು ಮೈಮೇಲೆ ಹರಿಯುತ್ತವೆ, ಜ್ವರ ಏರುತ್ತದೆ, ಹೃದಯ ಓಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರುತ್ತದೆ. ಸಕಾಲಕ್ಕೆ ಗುರುತಿಸಿದರೆ ಔಷಧಿಯಿಂದ ಬಹುಮಟ್ಟಿಗೆ ತಡೆಯಬಹುದಾದ ಸಾವು ಅದು. ಟೇಲರ್ ಆಗಾಗ ನುಂಗುವ ಕ್ಸಾನಾಕ್ಸ್ ಮಾತ್ರೆ ಕೂಡ ಮದ್ಯ ತಟ್ಟುವ ಆ ಗಾಬಾ ಬಾಗಿಲನ್ನೇ ತಟ್ಟುತ್ತದೆ. ಅಂದರೆ ಒಂದು ಚಟ ಬಿಟ್ಟೆ ಎಂದುಕೊಂಡವನು ಅದರ ದಾಯಾದಿಯನ್ನು ಮನೆಯೊಳಗೆ ಕರೆದುಕೊಂಡಿರುತ್ತಾನೆ.

ಆದರೆ ಈ ಕಾಯಿಲೆಯ ಮುಖ್ಯ ಲಕ್ಷಣ ನಡುಕವಲ್ಲ, ನಿರಾಕರಣೆ. ರೋಗಿಗೆ ಎಲ್ಲವೂ ಗೊತ್ತಿರುತ್ತದೆ. ಟೇಲರ್ ತನ್ನ ಕಾಯಿಲೆಯ ಬಗ್ಗೆ ನನ್ನಷ್ಟೇ ವಿವರವಾಗಿ ಮಾತಾಡಬಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಬದುಕುವ ಒಂದು ಜಾಣ್ಮೆ ಅವನಿಗೆ ಸಿದ್ಧಿಸಿದೆ. ನಡುವಿನ ಕೆಲವು ಕಾದಂಬರಿಗಳಲ್ಲಿ ಅವನು ಕುಡಿತ ಬಿಟ್ಟಿರುತ್ತಾನೆ, ಆದರೂ ಪಬ್ಬಿಗೆ ಹೋಗಿ ಗ್ಲಾಸು ತರಿಸಿಕೊಂಡು, ಮುಟ್ಟದೆ, ಅದನ್ನೇ ನೋಡುತ್ತ ಕೂರುತ್ತಾನೆ. ಸರಣಿಯ ಅತ್ಯಂತ ದಾರುಣ ಘಟನೆ ಬರುವುದು 2004ರ ‘ದಿ ಡ್ರಾಮಟಿಸ್ಟ್’ ಕಾದಂಬರಿಯ ಕೊನೆಯಲ್ಲಿ: ಸ್ನೇಹಿತರ ಪುಟ್ಟ ಮಗು ಅವನ ಉಸ್ತುವಾರಿಯಲ್ಲಿದ್ದಾಗ ಸಾಯುತ್ತದೆ. ಆಗ ಅವನು ಕುಡಿದಿರಲಿಲ್ಲ! ಕುಡಿತ ಬಿಟ್ಟವನಿಗೆ ಬದುಕು ಬಹುಮಾನ ಕೊಡುತ್ತದೆ ಎಂಬ ಸುಲಭ ನೀತಿಯನ್ನು ಬ್ರೂಯನ್ ಒಪ್ಪುವುದಿಲ್ಲ. ಮುಂದಿನ ಕಾದಂಬರಿ ‘ಪ್ರೀಸ್ಟ್’ ಶುರುವಾಗುವುದು ಮನೋರೋಗಿಗಳ ಆಸ್ಪತ್ರೆಯಲ್ಲಿ.

ಊರಿನ ನಿರಾಕರಣೆ

ಇಂಥವನನ್ನೇ ಪತ್ತೇದಾರನನ್ನಾಗಿ ಏಕೆ ಆರಿಸಿಕೊಂಡರು? ನನಗನಿಸುವ ಉತ್ತರ ಇದು. ಗೊತ್ತಿದ್ದೂ ಗೊತ್ತಿಲ್ಲದಂತಿರುವ ಊರನ್ನು ತನಿಖೆ ಮಾಡಲು, ಆ ಕಾಯಿಲೆಯನ್ನು ತನ್ನ ಮೈಯಲ್ಲೇ ಹೊತ್ತವನು ಬೇಕಿತ್ತು. ಊರು ನುಣುಚಿಕೊಳ್ಳುವ ಒಂದೊಂದು ಮಾತನ್ನೂ ಟೇಲರ್ ಗುರುತಿಸುತ್ತಾನೆ, ಏಕೆಂದರೆ ಅವನೂ ಅದೇ ಮಾತುಗಳಿಂದ ತನ್ನಿಂದ ತಾನು ನುಣುಚಿಕೊಂಡಿದ್ದಾನೆ.

2003ರ ‘ದಿ ಮ್ಯಾಗ್ಡಲೆನ್ ಮಾರ್ಟರ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಮದುವೆಯಾಗದೆ ಬಸಿರಾದವರು, ಅನಾಥರು, ಮನೆಗೆ ಬೇಡವಾದ ಹುಡುಗಿಯರು ಇಂಥವರನ್ನು ಸನ್ಯಾಸಿನಿಯರು ನಡೆಸುತ್ತಿದ್ದ ಬಟ್ಟೆ ಒಗೆಯುವ ಮನೆಗಳಿಗೆ ಸೇರಿಸಿ, ಕೂಲಿಯಿಲ್ಲದೆ ದುಡಿಸಲಾಗುತ್ತಿತ್ತು. ಅವುಗಳಿಗೆ ಮ್ಯಾಗ್ಡಲೆನ್ ಲಾಂಡ್ರಿ ಎಂದು ಹೆಸರು. 1922ರಿಂದ 1996ರವರೆಗೆ ಸುಮಾರು 10,000 ಹೆಂಗಸರು ಅಲ್ಲಿಗೆ ಸೇರಿದ್ದರೆಂದು ಸರ್ಕಾರದ ವರದಿಯೇ 2013ರಲ್ಲಿ ಹೇಳಿತು. ಗಾಲ್ವೇಯ ಲಾಂಡ್ರಿ ಊರ ನಡುವೆಯೇ ಇತ್ತು, 1984ರಲ್ಲಿ ಮುಚ್ಚಿತು. ಹೋಟೆಲುಗಳ, ಸಂಸ್ಥೆಗಳ ಬಟ್ಟೆಗಳು ಇಂಥ ಮನೆಗಳಿಗೆ ಹೋಗಿ ಶುಭ್ರವಾಗಿ ಬರುತ್ತಿದ್ದವು. ಒಗೆದವರು ಯಾರೆಂದು ಕೇಳಿದವರು ಕಡಿಮೆ. 1993ರಲ್ಲಿ ಡಬ್ಲಿನ್‌ನ ಒಂದು ಮಠ ತನ್ನ ಜಾಗ ಮಾರುವಾಗ ನೂರೈವತ್ತಕ್ಕೂ ಹೆಚ್ಚು ಹೆಂಗಸರ ಅಸ್ಥಿಗಳನ್ನು ಅಗೆದು ತೆಗೆಯಬೇಕಾಯಿತು. ಪ್ರಧಾನಿ ಎಂಡಾ ಕೆನಿ ದೇಶದ ಪರವಾಗಿ ಕ್ಷಮೆ ಕೇಳಿದ್ದು 2013ರ ಫೆಬ್ರವರಿಯಲ್ಲಿ. ಒಂದು ಪತ್ತೇದಾರಿ ಕಾದಂಬರಿ ಆ ಕ್ಷಮೆಗಿಂತ ಹತ್ತು ವರ್ಷ ಮೊದಲೇ ಬಂದಿತ್ತು ಎಂಬುದನ್ನು ಗಮನಿಸಬೇಕು.

ಇದು ಐರ್ಲೆಂಡಿನದು ಮಾತ್ರ ಎಂದು ನಾವು ಇಲ್ಲಿ ಕೂತು ಹೇಳುವಂತಿಲ್ಲ. ‘ಒಳ್ಳೆಯ ಕುರುಬ’ ಎಂಬ ಅರ್ಥದ ಹೆಸರಿನ ಸನ್ಯಾಸಿನಿ ಸಂಘ ನೆದರ್ಲೆಂಡ್ಸ್‌ನಲ್ಲೂ ಹುಡುಗಿಯರನ್ನು ಹೊಲಿಗೆ ಮತ್ತು ಒಗೆತದ ಕೆಲಸಕ್ಕೆ ಹಚ್ಚಿತ್ತು. ಅದರ ಮನೆಗಳಲ್ಲೊಂದು ನೈಮೆಗನ್‌ನಿಂದ ದೂರವಿಲ್ಲದ ವೆಲ್ಪ್‌ನಲ್ಲಿತ್ತು. ಆ ಹೆಂಗಸರು ವೃದ್ಧಾಪ್ಯದಲ್ಲಿ ಬಾಯಿ ಬಿಟ್ಟ ಮೇಲೆ, ಈಗ ಕೆಲವೇ ವರ್ಷಗಳಿಂದ ಇಲ್ಲಿನ ಪತ್ರಿಕೆಗಳಲ್ಲಿ ಸುದ್ದಿ ಬರುತ್ತಿದೆ.

ನಮಗೆ ಗೊತ್ತಿದ್ದ ಗಾಲ್ವೇ

ಪುಸ್ತಕದಂಗಡಿಯಲ್ಲಿ ಗಾಲ್ವೇ ಎಂಬ ಹೆಸರು ನನ್ನನ್ನು ತಡೆದು ನಿಲ್ಲಿಸಿದ್ದೇಕೆ ಎಂದು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಗಾವಿಯ ಸವಿತಾ ಹಾಲಪ್ಪನವರ, 31 ವರ್ಷದ ದಂತವೈದ್ಯೆ, 2012ರ ಅಕ್ಟೋಬರ್ 28ರಂದು ತೀರಿಕೊಂಡದ್ದು ಗಾಲ್ವೇಯ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ. ಹದಿನೇಳು ವಾರದ ಬಸುರಿಯಾಗಿದ್ದ ಅವರು ಅಕ್ಟೋಬರ್ 21ರಂದು ಸೇರಿದಾಗಲೇ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾಗಿತ್ತು. ಗರ್ಭಪಾತ ಮಾಡಿ ಎಂದು ಕೇಳಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿರುವವರೆಗೆ ಕಾನೂನು ಒಪ್ಪುವುದಿಲ್ಲ ಎಂಬ ಉತ್ತರ ಬಂತು. ಕಾಯುತ್ತಿರುವಾಗಲೇ ಸೋಂಕು ರಕ್ತಕ್ಕೇರಿತು.

ನಾನು ವೈದ್ಯನಾಗಿ ವಿಚಾರಣಾ ವರದಿಗಳ ವಿವರ ಓದಿದಾಗ ನನ್ನನ್ನು ಹೆಚ್ಚು ಕಾಡಿದ್ದು ಕಾನೂನೊಂದೇ ಅಲ್ಲ. ಸೇರಿದ ದಿನ ತೆಗೆದ ರಕ್ತದ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ಏರಿದ್ದವು, ಆ ಫಲಿತಾಂಶವನ್ನು ಸಕಾಲಕ್ಕೆ ಯಾರೂ ನೋಡಿ ಕ್ರಮ ಕೈಗೊಳ್ಳಲಿಲ್ಲ. ನಾಡಿ, ಉಷ್ಣತೆ, ರಕ್ತದೊತ್ತಡಗಳನ್ನು ನೋಡಬೇಕಾದಷ್ಟು ಸಲ ನೋಡಿರಲಿಲ್ಲ. ಜೀವ ಉಳಿಸಬಹುದಾಗಿದ್ದ ಹದಿಮೂರು ಅವಕಾಶಗಳು ತಪ್ಪಿಹೋದವೆಂದು ಆರೋಗ್ಯ ಗುಣಮಟ್ಟದ ಪ್ರಾಧಿಕಾರ 2013ರಲ್ಲಿ ಪಟ್ಟಿ ಮಾಡಿತು. ಕಾನೂನು ಎಲ್ಲರನ್ನೂ ಕಾಯುವಂತೆ ಮಾಡಿತ್ತು, ಕಾಯುವ ಅಭ್ಯಾಸ ಕಣ್ಣನ್ನು ಮಂಕು ಮಾಡಿತ್ತು. ಕಾಗದದಲ್ಲಿ ಎಲ್ಲವೂ ಇತ್ತು.

ಆದರೆ ಸವಿತಾ ಅವರ ವಿಷಯದಲ್ಲಿ ಊರು ಮೌನವಾಗಿ ಉಳಿಯಲಿಲ್ಲ. ಪತಿ ಪ್ರವೀಣ್ ಸುಮ್ಮನಾಗಲಿಲ್ಲ. ಬೆಳಗಾವಿಯಲ್ಲಿ ತಂದೆತಾಯಿ ಮಾತಾಡಿದರು. ಗಾಲ್ವೇಯ, ಡಬ್ಲಿನ್‌ನ ಬೀದಿಗಳಲ್ಲಿ ಜನ ಮೇಣದಬತ್ತಿ ಹಿಡಿದು ನಿಂತರು. 2018ರ ಮೇ 25ರಂದು ನಡೆದ ಜನಮತಗಣನೆಯಲ್ಲಿ ಶೇಕಡಾ 66.4ರಷ್ಟು ಜನ 1983ರ ಸಂವಿಧಾನ ತಿದ್ದುಪಡಿಯನ್ನು ತೆಗೆದುಹಾಕಲು ಮತ ಹಾಕಿದರು. ಟೇಲರನ ಕಾದಂಬರಿಗಳಲ್ಲಿ ಎಂದೂ ಸಿಗದ ಮುಕ್ತಾಯ ಇದು. ಆದರೂ ಒಂದು ಜೀವ ಹೋದ ಮೇಲೆ ಬಂದದ್ದು.

ಕೇಸ್ ಷೀಟಿನಲ್ಲಿ ನಾನು ಬರೆಯದ ಮಾತು

ಇಷ್ಟೆಲ್ಲ ಬೇರೆಯವರ ಮೌನದ ಬಗ್ಗೆ ಬರೆದ ಮೇಲೆ ನನ್ನದನ್ನು ಬಿಡುವುದು ಸರಿಯಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ, ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ, ಸ್ಕೂಟರಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡ ಒಬ್ಬ ಮೇಷ್ಟ್ರನ್ನು ಆಪರೇಷನ್‌ಗೆ ಮೊದಲು ಪರೀಕ್ಷಿಸಲು ನನ್ನನ್ನು ಕರೆದಿದ್ದರು. ಪರೀಕ್ಷೆ ಮುಗಿಸಿ ಹೊರಬಂದಾಗ ಅವರ ಹೆಂಡತಿ ವರಾಂಡದಲ್ಲಿ ನಿಂತಿದ್ದರು. “ಡಾಕ್ಟ್ರೇ, ಅವರು ದಿನಾ ರಾತ್ರಿ ತಗೋತಾರೆ. ದಯವಿಟ್ಟು ಬರೀಬೇಡಿ. ಮಗಳ ಮದುವೆ ಮಾತುಕತೆ ನಡೀತಿದೆ” ಎಂದರು. ನಾನು ‘ಅಭ್ಯಾಸಗಳು’ ಎಂಬ ಕಡೆ ‘ಇಲ್ಲ’ ಎಂದು ಬರೆದೆ. ಬೆಳಿಗ್ಗೆ ಸರ್ಜನ್‌ರಿಗೆ ಬಾಯಲ್ಲಿ ಹೇಳಿದರಾಯಿತು ಎಂದುಕೊಂಡೆ. ಮರುದಿನ ಊರಿನಲ್ಲಿ ಮನೆಯ ಕಾರ್ಯವಿತ್ತು, ಹೊರಟುಬಿಟ್ಟೆ. ಹೇಳಲಿಲ್ಲ.

ಮೂರನೇ ರಾತ್ರಿ ಅವರಿಗೆ ಸನ್ನಿ ಹಿಡಿದಿದೆ. ಮೈಮೇಲೆ ಇರುವೆ ಹರಿಯುತ್ತಿದೆ ಎಂದು ಕೂಗಿ, ಕಾಲಿಗೆ ಕಟ್ಟಿದ್ದ ತೂಕವನ್ನು ಕಿತ್ತಿದ್ದಾರೆ. ರಾತ್ರಿ ಪಾಳಿಯ ಹುಡುಗ ಡಾಕ್ಟರ್ ಕೇಸ್ ಷೀಟ್ ನೋಡಿದ್ದಾನೆ. ಅಲ್ಲಿ ‘ಇಲ್ಲ’ ಎಂದಿದೆ. ತಲೆಗೆ ಪೆಟ್ಟಾಗಿರಬೇಕು ಎಂದು ಅದರ ಹಿಂದೆ ಹೋಗಿದ್ದಾನೆ. ಸೋಮವಾರ ನಾನು ವಾಪಸು ಬಂದಾಗ ಆ ಹಾಸಿಗೆ ಖಾಲಿಯಿತ್ತು. ಮರಣಪತ್ರದಲ್ಲಿ ಹೃದಯಸ್ತಂಭನ ಎಂದು ಬರೆದಿತ್ತು. ಎಲ್ಲರ ಹೃದಯವೂ ಕೊನೆಗೆ ನಿಲ್ಲುತ್ತದೆ. ಆ ಹುಡುಗ ಡಾಕ್ಟರನಿಗೂ ನಾನು ನಿಜ ಹೇಳಲಿಲ್ಲ.

ಆ ಹೆಂಗಸಿನ ತಪ್ಪೇನೂ ಇರಲಿಲ್ಲ. ಅವರು ನನಗೆ ಹೇಳಿದ್ದರು. ಮರ್ಯಾದೆ ಉಳಿಸುವ ಕೆಲಸವನ್ನು ಚಿಕಿತ್ಸೆಗಿಂತ ಮುಂದೆ ಇಟ್ಟವನು ನಾನು. ಟೇಲರನ ಕಾದಂಬರಿಗಳಲ್ಲಿ ಬರುವ ಒಳ್ಳೆಯ ಮನೆತನದ, ಮೆತ್ತನೆ ಮಾತಿನ, ಸುಮ್ಮನಿರುವ ಜನರನ್ನು ಓದುವಾಗ ನನಗೆ ಕೋಪ ಬರುವುದಿಲ್ಲ, ಪರಿಚಯದವರನ್ನು ಕಂಡಂತಾಗುತ್ತದೆ.

ಓದುವವರಿಗೆ ಎರಡು ಮಾತು

ಈ ಕಾದಂಬರಿಗಳಲ್ಲಿ ಹಿಂಸೆ ಇದೆ, ಒರಟು ಭಾಷೆ ಇದೆ. ಸರಣಿ ಮುಂದುವರಿದಂತೆ ಕಥಾವಸ್ತು ಕೆಲವು ಕಡೆ ಸಡಿಲವಾಗುತ್ತದೆ, ಕೆಲವು ಖಳರು ನಂಬಲಾಗದಷ್ಟು ವಿಚಿತ್ರವಾಗುತ್ತಾರೆ. ಹೊಸಬರು ‘ದಿ ಗಾರ್ಡ್ಸ್’ನಿಂದ ಶುರುಮಾಡಿ ‘ಪ್ರೀಸ್ಟ್’ವರೆಗಿನ ಐದನ್ನು ಕ್ರಮವಾಗಿ ಓದುವುದು ಒಳ್ಳೆಯದು. ಕ್ರಮ ತಪ್ಪಿದರೆ ದೇಹದ ಲೆಕ್ಕ ತಪ್ಪುತ್ತದೆ.

ಇನ್ನೊಂದು ಮಾತು ವೈದ್ಯನದು. ನಮ್ಮ ಕನ್ನಡ ಕುಟುಂಬಗಳಲ್ಲಿ, ಇಲ್ಲೂ ಊರಲ್ಲೂ, ಮನೆಯಲ್ಲಿ ಕುಡಿಯುವವರಿದ್ದರೆ ಅದನ್ನು ಕೆಲಸದ ಒತ್ತಡ, ಗ್ಯಾಸ್ಟ್ರಿಕ್, ಸುಸ್ತು ಎಂಬ ಹೆಸರುಗಳಿಂದ ಕರೆಯುತ್ತೇವೆ. ಆಸ್ಪತ್ರೆಗೆ ಸೇರುವಾಗ, ಆಪರೇಷನ್‌ಗೆ ಹೋಗುವಾಗ, ದಯವಿಟ್ಟು ನಿಜವಾದ ಪ್ರಮಾಣ ಹೇಳಿ. ಇಲ್ಲಿನ ಮನೆವೈದ್ಯರಿಗೆ ಹೇಳಿದ್ದು ಗುಟ್ಟಾಗಿಯೇ ಉಳಿಯುತ್ತದೆ. ವರ್ಷಗಟ್ಟಲೆ ದಿನವೂ ಕುಡಿದವರು ಹಟಕ್ಕೆ ಬಿದ್ದು ಒಂದೇ ದಿನದಲ್ಲಿ ತಾವಾಗಿಯೇ ನಿಲ್ಲಿಸಬೇಡಿ, ವೈದ್ಯರ ನೆರವಿನಿಂದ ನಿಲ್ಲಿಸಿ. ಮತ್ತು ನಮ್ಮಲ್ಲಿ ಇನ್ನೂ ಕೆಲಸದಲ್ಲಿರುವ ಕಿರಿಯ ವೈದ್ಯರಿದ್ದಾರೆ. ವರಾಂಡದಲ್ಲಿ ಯಾರಾದರೂ ನಿಮ್ಮನ್ನು ತಡೆದು ಬರೀಬೇಡಿ ಎಂದರೆ, ಅವರಿಗೆ ಧೈರ್ಯ ಹೇಳಿ, ಆಮೇಲೆ ಒಳಗೆ ಹೋಗಿ ಬರೆಯಿರಿ.